ಧಣಿಯ ಕಡೆಯ ವಕೀಲರು



ಮನೆವಾರ್ತೆಯ ಸಂಗತಿಗಳನ್ನು ಬಿಟ್ಟು ಕೋರ್ಟು ಕಚೇರಿಗಳ ಸುದ್ದಿಗೆ ನಾವು ಈ ಪುಟದಲ್ಲಿ ಹೋದವರಲ್ಲ. ಈ ಸಲ ಮಾತ್ರ ಕಚೇರಿಯ ಸಂಗತಿಯೊಂದು ತಾನಾಗಿಯೇ ನಮ್ಮ ಜಗಲಿಗೆ ಬಂದು ಕುಳಿತು, ವರ್ಷಗಳು ಕಳೆದರೂ ಏಳಲೊಲ್ಲದು. ಆದುದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿರುವೆವು.

ನಮ್ಮ ಬೀದಿಗೆ ಹಾಲು ತರುವ ಹೆಂಗಸೊಬ್ಬಳುಂಟು. ಆಕೆಯ ಗಂಡನು ಊರ ಹೊರಗಿನ ಮರ ಕೊಯ್ಯುವ ಮಿಲ್ಲೊಂದರಲ್ಲಿ ಹದಿನಾಲ್ಕು ವರ್ಷ ದುಡಿದವನು. ಐದಾರು ಜನ ಕೆಲಸಗಾರರ ಚಿಕ್ಕ ಮಿಲ್ಲು. 2022ನೆಯ ಇಸವಿಯ ಮಳೆಗಾಲದಲ್ಲಿ ಒಂದು ದಿನ, ಒದ್ದೆಯ ದಿಮ್ಮಿಯನ್ನು ಗರಗಸಕ್ಕೆ ಒಡ್ಡುತ್ತಿದ್ದಾಗ ದಿಮ್ಮಿ ಜಾರಿ, ಅವನ ಬಲಗೈಯ ನಾಲ್ಕು ಬೆರಳುಗಳೂ ಬುಡಸಹಿತ ಹೋದುವು. ಹೆಬ್ಬೆರಳೊಂದು ಉಳಿಯಿತು. ಆಗ ಅವನಿಗೆ ನಲವತ್ತು ವರ್ಷ. ಧಣಿಯು ಆಸ್ಪತ್ರೆಯ ಖರ್ಚನ್ನು ಕೊಟ್ಟನು, ಎರಡು ತಿಂಗಳ ಸಂಬಳವನ್ನೂ ಕೊಟ್ಟನು, ಆಮೇಲೆ ಕೊಡಲಿಲ್ಲ. ಯಾರೋ ಹೇಳಿಕೊಟ್ಟದ್ದರಿಂದ ಗಂಡಹೆಂಡಿರು ಪರಿಹಾರದ ಕಮಿಷನರ ಮುಂದೆ ಅರ್ಜಿ ಹಾಕಿದರು.

ಮಾರನೆಯ ವರ್ಷ, ನಾವು ಶಾಲೆಯಿಂದ ನಿವೃತ್ತರಾದ ಹೊಸತರಲ್ಲಿ, ಆಕೆ ಒಂದು ಬೆಳಗ್ಗೆ ಹಾಲಿನ ಕ್ಯಾನನ್ನು ಕೆಳಗಿಟ್ಟು, ಸೆರಗಿನೊಳಗಿಂದ ಮಡಿಸಿದ ಕಾಗದದ ಕಟ್ಟೊಂದನ್ನು ತೆಗೆದು, “ಮೇಷ್ಟ್ರೇ, ಎದುರು ಕಡೆಯೋರು ಏನೋ ಬರೆದು ಹಾಕವ್ರಂತೆ. ನಮ್ಮ ಲಾಯರ್ರು ಅರ್ಧ ಹೇಳಿ ಅರ್ಧ ನುಂಗ್ತಾರೆ. ನೀವು ವಸಿ ಓದಿ ಹೇಳಿ” ಎಂದಳು.

ಇಂಗ್ಲಿಷಿನಲ್ಲಿದ್ದ ಆ ತಕರಾರನ್ನು ನಾವು ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆವು. ಮೊದಲನೆಯ ಕಂಡಿಕೆಯಲ್ಲಿ ಅರ್ಜಿದಾರನು ತಮ್ಮ ಕೆಲಸದವನೇ ಅಲ್ಲವೆಂದಿತ್ತು. ಎರಡನೆಯದರಲ್ಲಿ, ಒಂದು ವೇಳೆ ಕೆಲಸದವನೆಂದು ರುಜುವಾತಾದರೂ ಆ ದಿನ ಅವನು ಕೆಲಸಕ್ಕೆ ಬಂದಿರಲಿಲ್ಲವೆಂದಿತ್ತು. ಮೂರನೆಯದರಲ್ಲಿ, ಬಂದಿದ್ದನೆಂದೇ ಇಟ್ಟುಕೊಂಡರೂ ಅವನು ಕುಡಿದಿದ್ದನೆಂದೂ, ನಾಲ್ಕನೆಯದರಲ್ಲಿ, ಗರಗಸಕ್ಕೆ ಅಡ್ಡವಾಗಿ ಹಾಕಿದ್ದ ರಕ್ಷಣೆಯ ತಗಡನ್ನು ಅವನೇ ಬಿಚ್ಚಿಹಾಕಿದ್ದನೆಂದೂ ಇತ್ತು. ಕಡೆಗೆ, ಗಾಯವೇನೂ ದೊಡ್ಡದಲ್ಲ, ಸಂಬಳವೂ ಅಷ್ಟಿರಲಿಲ್ಲ ಎಂದಿತ್ತು. ವಾದದಲ್ಲಿ ಸೋಲುವ ಸ್ಥಾನಗಳನ್ನು ನ್ಯಾಯಸೂತ್ರಕಾರರಾದ ಗೌತಮರು ಇಪ್ಪತ್ತೆರಡಾಗಿ ಎಣಿಸಿದ್ದಾರೆ; ತನ್ನ ಪ್ರತಿಜ್ಞೆಗೆ ತಾನೇ ವಿರುದ್ಧವಾಗಿ ನುಡಿಯುವುದು ಅವುಗಳಲ್ಲೊಂದು. ನಮ್ಮ ತರಗತಿಯಲ್ಲಿ ಯಾವ ಹುಡುಗನಾದರೂ ಹೀಗೆ ವಾದಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು.

ಆಕೆ ಎಲ್ಲವನ್ನೂ ಸುಮ್ಮನೆ ಕೇಳಿದಳು. ಆಮೇಲೆ, “ಕೆಲಸದೋನೇ ಅಲ್ಲ ಅಂತ ಬರೆದವ್ರಾ? ಅವರ ಮಗಳ ಮದುವೇಲಿ ಚಪ್ಪರದ ಗಳ ಹೊತ್ತೋನು ಯಾರಂತೆ?” ಎಂದು ಕೇಳಿದಳು. ಅದಕ್ಕೆ ಆ ಕಾಗದದಲ್ಲಿ ಉತ್ತರವಿರಲಿಲ್ಲ.

ಕೊನೆಯ ಪುಟದ ಕೆಳಗೆ ವಕೀಲರ ರುಜು ಇತ್ತು. ನಾವು ಕನ್ನಡಕವನ್ನು ಒರೆಸಿಕೊಂಡು ಆ ಹೆಸರನ್ನು ಇನ್ನೊಮ್ಮೆ ಓದಿದೆವು. ಆತನು ನಮ್ಮ ಶಿಷ್ಯನು. ಎಂಟನೆಯ ತರಗತಿಯಿಂದ ಮೂರು ವರ್ಷ ನಮ್ಮಲ್ಲಿ ಸಂಸ್ಕೃತವನ್ನು ಓದಿದವನು. ಉತ್ತರಪತ್ರಿಕೆಯಲ್ಲಿ ನಾವು ತಪ್ಪಿ ಹೆಚ್ಚು ಅಂಕ ಹಾಕಿದ್ದರೆ ಎದ್ದು ನಿಂತು ಹೇಳುತ್ತಿದ್ದವನು. ಈ ಸಂಗತಿಯನ್ನು ನಾವು ಆಕೆಗೆ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂದರೆ ಇಂದಿಗೂ ಸರಿಯಾದ ಕಾರಣ ತೋರದು.

ಹುಡುಗನನ್ನು ಗದರಿಸುವ ಮೊದಲು ಪಾಠವನ್ನು ತಾನು ಓದಿಕೊಂಡಿರಬೇಕೆಂಬುದು ಮೇಷ್ಟರ ಬುದ್ಧಿ. ಪೇಟೆಯಿಂದ ಈ ಕಾನೂನಿನ ಪುಸ್ತಕವೊಂದನ್ನು ತರಿಸಿ ಹದಿನೈದು ದಿನ ಓದಿದೆವು. ಅದರ ಪೂರ್ವಚರಿತ್ರೆಯೇ ಒಂದು ಕಥೆ. ಇಂಗ್ಲೆಂಡಿನ ಕಟುಕನೊಬ್ಬನ ಆಳು, ಮಿತಿಮೀರಿ ಹೇರಿದ್ದ ಗಾಡಿ ಮುರಿದುದರಿಂದ ತೊಡೆಯ ಮೂಳೆ ಮುರಿದುಕೊಂಡು ಯಜಮಾನನ ಮೇಲೆ ದಾವಾ ಹೂಡಿದನು. ಜೂರಿಗಳು 100 ಪೌಂಡು ಕೊಡಿಸಿದರು. ಲಾರ್ಡ್ ಅಬಿಂಜರರು ಮುಖ್ಯಸ್ಥರಾಗಿದ್ದ ನ್ಯಾಯಾಲಯವು 1837ರಲ್ಲಿ ಅದನ್ನು ತಳ್ಳಿಹಾಕಿತು. ಅಲ್ಲಿಂದ ಮುಂದೆ ಧಣಿಯ ಕಡೆಯ ವಕೀಲನ ಬತ್ತಳಿಕೆಯಲ್ಲಿ ಮೂರು ಬಾಣಗಳು ಕೂಡಿಕೊಂಡುವು: ತಪ್ಪು ಜೊತೆಗಾರ ಆಳಿನದು, ಧಣಿಯದಲ್ಲ, ಅಪಾಯವನ್ನು ತಿಳಿದೇ ಆಳು ಕೆಲಸಕ್ಕೆ ಸೇರಿದನು, ಆಳಿನ ಅಜಾಗರೂಕತೆಯೂ ಅದರಲ್ಲಿ ಬೆರೆತಿದೆ. ಈ ಮೂರನ್ನೂ ದಾಟಿ ಕಾಸು ಕಂಡ ಆಳು ವಿರಳ. ಅಂದಿನ ದಿನಗಳಲ್ಲಿ ಧಣಿಯ ಪರವಾಗಿ ವಾದಿಸುವುದು ಬಹು ಸುಲಭವಾದ ಉದ್ಯೋಗವಾಗಿದ್ದಿರಬೇಕು.

1884ರಲ್ಲಿ ಜರ್ಮನಿಯೂ 1897ರಲ್ಲಿ ಇಂಗ್ಲೆಂಡೂ ಈ ಮೂರು ಬಾಣಗಳನ್ನು ಬದಿಗಿಟ್ಟು, ತಪ್ಪು ಯಾರದೆಂದು ಕೇಳುವುದನ್ನೇ ಬಿಟ್ಟುವು. ನಮ್ಮ ದೇಶದಲ್ಲಿ 1923ರ ಶಾಸನವು 1924ರ ಜುಲೈ 1ರಿಂದ ನಡೆಯತೊಡಗಿತು. ಅಪಘಾತವು ಕೆಲಸದಿಂದ, ಕೆಲಸದ ಅವಧಿಯಲ್ಲಿ ಉಂಟಾಯಿತೇ ಎಂಬುದೇ ಅಲ್ಲಿಯ ಮುಖ್ಯ ಪ್ರಶ್ನೆ. (ಈ ಶಾಸನವು 2010ರಲ್ಲಿ ಹೆಸರು ಬದಲಿಸಿಕೊಂಡಿತು, 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದಾಗ ಅದರ ಏಳನೆಯ ಅಧ್ಯಾಯದೊಳಕ್ಕೆ ಸೇರಿಹೋಯಿತು. ನಮ್ಮ ಕಥೆಯ ಕಾಲಕ್ಕೆ ಹಳೆಯದೇ ನಡೆಯುತ್ತಿತ್ತು.) ಮೂರು ಬಾಣಗಳು ಹೋದರೇನು, ಆ ಒಂದು ಪ್ರಶ್ನೆಯ ಸುತ್ತಲೇ ನೂರು ವರ್ಷ ವಾದ ನಡೆದಿದೆ. ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯಿಂದ ಮನೆಗೆ ಮರಳುವಾಗ ದೋಣಿ ಮಗುಚಿ ಮುಳುಗಿದ ಕೆಲಸಗಾರರ ವಿಷಯದಲ್ಲಿ, ಅದು ಸಾರ್ವಜನಿಕರ ದೋಣಿ, ಕೆಲಸವು ಅದಕ್ಕೆ ಮುಂಚೆಯೇ ಮುಗಿದಿತ್ತು ಎಂದು 1958ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧಣಿಯ ಪಕ್ಷವನ್ನು ಎತ್ತಿಹಿಡಿಯಿತು. ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನು 2003ರಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ತುದಕ್ಕೆ ಪರಿಹಾರ ಸಲ್ಲುವುದೆಂದು ಅದೇ ನ್ಯಾಯಾಲಯವು ಹೇಳಿದುದು 2025ರ ಜುಲೈಯಲ್ಲಿ. ಮಧ್ಯೆ ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಒಂದು ಮನೆಯ ಮಕ್ಕಳು ದೊಡ್ಡವರಾಗಿರುತ್ತಾರೆ.

ಓದುತ್ತ ಓದುತ್ತ ನಮ್ಮ ಹಳೆಯ ಅಭ್ಯಾಸವೂ ತಲೆಯೆತ್ತಿತು. ಭೃತ್ಯನೆಂಬ ಶಬ್ದವೂ ಒಡೆಯನೆಂಬ ಅರ್ಥದ ಭರ್ತೃ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದುವು. ಹೊರತಕ್ಕವನು ಒಬ್ಬ, ಹೊರಲ್ಪಡತಕ್ಕವನು ಇನ್ನೊಬ್ಬ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೆಲಸದಲ್ಲಿ ಸತ್ತ ರಾಜಭೃತ್ಯರ ಹೆಂಡಿರು ಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆಂಬ ವಿಧಿಯುಂಟು. ರಾಜನ ಆಳುಗಳ ವಿಷಯದ ವಿಧಿ ಅದು. ಮರದ ಮಿಲ್ಲಿನವನಿಗೆ ಎರಡು ಸಾವಿರ ವರ್ಷ ಕಾಯಬೇಕಾಯಿತು.

ಪುಸ್ತಕದ ಕೊನೆಯಲ್ಲಿ ಒಂದು ಅನುಸೂಚಿ. ಅಮರಸಿಂಹನು ಬೆರಳುಗಳಿಗೆ ಒಂದೊಂದಾಗಿ ಹೆಸರು ಹೇಳಿದ್ದಾನೆ. ಶಾಸನವು ಒಂದೊಂದಕ್ಕೂ ಬೆಲೆ ಕಟ್ಟಿದೆ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತೆಂದು ಲೆಕ್ಕ. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ ಏಳೇಳು. ಬಿಡಿಯಾಗಿ ಕೂಡಿದರೆ ಈ ನಾಲ್ಕಕ್ಕೆ 40 ಆಗುತ್ತದೆ. ಆದರೆ ನಾಲ್ಕೂ ಒಟ್ಟಿಗೆ ಹೋದರೆ 50 ಎಂದು ಬರೆದಿದೆ. ಬೆರಳುಗಳನ್ನು ಕೂಡಿಸಿದರೆ ಕೈಯಾಗದು ಎಂಬುದನ್ನು ಈ ಪಟ್ಟಿಯನ್ನು ಮಾಡಿದ ಮಹನೀಯರು ಬಲ್ಲವರಾಗಿದ್ದರು. ಈ ಒಂದು ಸಾಲಿಗಾಗಿ ಅವರನ್ನು ನಾವು ಮನಸ್ಸಿನಲ್ಲಿಯೇ ನಮಸ್ಕರಿಸಿದೆವು.

ಇಷ್ಟನ್ನು ಓದಿಕೊಂಡು ನಾವು ಶಿಷ್ಯನಿಗೆ ಫೋನು ಮಾಡಿ, ಬಿಡುವಾದಾಗ ಬಂದುಹೋಗೆಂದು ಹೇಳಿದೆವು. ಭಾನುವಾರ ಸಂಜೆ ಹಣ್ಣು ಹಿಡಿದುಕೊಂಡು ಬಂದನು. ನೆತ್ತಿಯ ಕೂದಲು ಹೋಗಿತ್ತು. ಕಾಲಿಗೆ ಬಿದ್ದಾಗ ನಮಗೆ ಆ ನೆತ್ತಿಯೇ ಕಾಣಿಸಿತು. ನಾವು ನೇರವಾಗಿ ಈ ಮೊಕದ್ದಮೆಯ ಮಾತೆತ್ತದೆ, ನಿನ್ನ ಉದ್ಯೋಗ ಹೇಗಿದೆಯಪ್ಪ ಎಂದು ಕೇಳಿದೆವು. ಅವನು ಹೇಳಿದುದನ್ನು ಆದಷ್ಟು ಅವನ ಮಾತಿನಲ್ಲಿಯೇ ಕೊಡುವೆವು.

“ಮೇಷ್ಟರೇ, 2003ರಲ್ಲಿ ನಾನು ಒಬ್ಬ ಹಿರಿಯರ ಹತ್ತಿರ ಸೇರಿದೆ. ಅವರಲ್ಲಿ ಮಿಲ್ಲಿನವರದು, ಲಾರಿಯವರದು, ವಿಮಾ ಕಂಪನಿಯವರದು, ಇವೇ ಕೇಸುಗಳು. ಮೊದಲ ದಿನವೇ ಅವರು ಕಲಿಸಿದ ಪಾಠ: ಎದುರಾಳಿ ಹೇಳಿದ್ದರಲ್ಲಿ ಯಾವುದನ್ನು ನೀನು ಅಲ್ಲಗಳೆಯಲಿಲ್ಲವೋ ಅದನ್ನು ಒಪ್ಪಿದಂತಾಯಿತು, ಆದ್ದರಿಂದ ಎಲ್ಲವನ್ನೂ ಅಲ್ಲಗಳೆ. ಅಚ್ಚಿನಲ್ಲಿ ಹೊಯ್ದ ಹಾಗೆ ತಕರಾರು ತಯಾರಾಗಿಯೇ ಇರುತ್ತಿತ್ತು; ಹೆಸರು ಊರು ತುಂಬುವುದಷ್ಟೇ ಕೆಲಸ. ಸತ್ತವನ ಕೇಸಿನಲ್ಲೂ ಕುಡಿದಿದ್ದನು ಎಂಬ ಕಂಡಿಕೆ ಇರುತ್ತಿತ್ತು. ಸತ್ತರೆ ಕುಡಿತದ ತಕರಾರು ನಡೆಯುವುದಿಲ್ಲ ಎಂದು ಶಾಸನದಲ್ಲೇ ಇದೆ. ಆದರೂ ಕೆಲವು ಧಣಿಗಳಿಗೆ ಅದು ಬರೆದಿರಲೇಬೇಕು. ಓದಿ ಸಮಾಧಾನಪಡುತ್ತಾರೆ.”

ಅವನು ತಾನಾಗಿ ಗೆದ್ದ ಮೊದಲ ಕೇಸು ಲಾರಿಯ ಕ್ಲೀನರೊಬ್ಬನದು. ನಿಂತ ಲಾರಿಯಲ್ಲಿ ಮಲಗಿದ್ದ ಹುಡುಗ ಬೆಳಗ್ಗೆ ಏಳಲಿಲ್ಲ; ಹೃದಯ ನಿಂತುಹೋಗಿತ್ತು. ಕೆಲಸದ ಶ್ರಮಕ್ಕೂ ಸಾವಿಗೂ ಸಂಬಂಧವನ್ನು ತೋರಿಸಬೇಕು, ಕೆಲಸದ ಹೊತ್ತಿನಲ್ಲಿ ಸತ್ತನೆಂದ ಮಾತ್ರಕ್ಕೆ ಸಾಲದು ಎಂದು ಅಂಥದೇ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಹೇಳಿತ್ತು. ಅದನ್ನೇ ಹಿಡಿದು ವಾದಿಸಿ ಗೆದ್ದನು. ಅರ್ಜಿ ವಜಾ ಆಯಿತು. “ಹೊರಗೆ ಬಂದಾಗ ಆ ಹುಡುಗನ ತಾಯಿ ನನ್ನ ಹತ್ತಿರ ಬಂದು, ದುಡ್ಡಿಗೆ ಯಾವತ್ತು ಬರಬೇಕು ಸ್ವಾಮಿ ಎಂದು ಕೇಳಿದಳು. ಒಳಗೆ ಓದಿದ್ದು ಅವಳಿಗೆ ಅರ್ಥವಾಗಿರಲಿಲ್ಲ. ನಾನು ಯಾವ ಕಡೆಯವನೆಂಬುದೂ ತಿಳಿದಿರಲಿಲ್ಲ. ಹೇಳಿದೆ. ಸಂಜೆ ನಮ್ಮ ಹಿರಿಯರು ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದರು. ತಿಂದೆ, ಮೇಷ್ಟರೇ. ಹಸಿವಾಗಿತ್ತು.”

ನಾವು ಸುಮ್ಮನಿದ್ದೆವು. ಅವನೇ ಮುಂದುವರಿದು, ಎಲ್ಲ ಅರ್ಜಿಗಳೂ ಹೀಗಲ್ಲವೆಂದನು. ಮದುವೆಯೂಟ ಮುಗಿಸಿ ಮೋಟಾರು ಸೈಕಲ್ಲಿನಿಂದ ಬಿದ್ದವನನ್ನು ಗಾರೆ ಕೆಲಸದಲ್ಲಿ ಬಿದ್ದವನೆಂದು ತಂದು ನಿಲ್ಲಿಸಿದವರುಂಟು. ಆಸ್ಪತ್ರೆಯ ಪುಸ್ತಕದಲ್ಲಿ ಮೊದಲ ರಾತ್ರಿ ಬರೆಸಿದ ಸಾಲು ಸಿಕ್ಕಿ ಬಣ್ಣ ಬಯಲಾಯಿತು. ಲಾರಿಯನ್ನೇ ಹತ್ತದವನನ್ನು ಡ್ರೈವರನೆಂದು ತೋರಿಸಿದ್ದೂ ಉಂಟು. ಒಂದೇ ಲಾರಿಯಿಟ್ಟುಕೊಂಡು ಸಾಲ ತೀರಿಸುತ್ತಿದ್ದ ಮನುಷ್ಯನಿಗೆ ಅಂಥ ಕೇಸಿನಲ್ಲಿ ಕೈಹಿಡಿಯುವವನು ಬೇಡವೇ ಎಂದು ಕೇಳಿದನು. ಬೇಕು. ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸದೆ ಸಿದ್ಧಾಂತಕ್ಕೆ ಬಲ ಬಾರದೆಂದು ನಾವೇ ಅವನಿಗೆ ಒಮ್ಮೆ ಕಲಿಸಿದ್ದೆವು. ಅದನ್ನು ನೆನೆಸಿ ನಕ್ಕನು.

ಆದರೆ ಅವನ ಮುಖ್ಯವಾದ ಮಾತು ಮುಂದೆ ಬಂದಿತು. “ನನ್ನ ಕೆಲಸದ ಸಾರವೆಲ್ಲ ಕೋರ್ಟಿನಲ್ಲಿ ನಡೆಯುವುದಲ್ಲ ಮೇಷ್ಟರೇ, ಅಪಘಾತವಾದ ಮೊದಲ ತಿಂಗಳಲ್ಲಿ ನನ್ನ ಕೋಣೆಯಲ್ಲಿ ನಡೆಯುವುದು. ಧಣಿ ಬಂದು ಕೂರುತ್ತಾನೆ. ನಾನು ಎರಡು ಪ್ರಶ್ನೆ ಕೇಳುತ್ತೇನೆ. ನಿನ್ನ ಆಳೋ? ನಿನ್ನ ಕೆಲಸದಲ್ಲಿ ಆಯಿತೋ? ಎರಡಕ್ಕೂ ಹೌದಾದರೆ, ಹಣ ಕಟ್ಟಿಬಿಡಿ ಎನ್ನುತ್ತೇನೆ. ಕಟ್ಟು ಎನ್ನುವುದಕ್ಕೆ ವಕೀಲ ಏಕೆ ಬೇಕು ಎಂದು ಎದ್ದುಹೋದವರಿದ್ದಾರೆ. ಈಗ ಉಪಾಯ ಕಲಿತಿದ್ದೇನೆ. ತಿಂಗಳೊಳಗೆ ಕಟ್ಟದಿದ್ದರೆ ನೂರಕ್ಕೆ 12ರಂತೆ ಬಡ್ಡಿ ಬೀಳುತ್ತದೆ. ತಡಮಾಡಿದ್ದಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೂ ದಂಡ ಹಾಕಬಹುದು. ವಿಮೆಯಿದ್ದರೆ ಅಸಲನ್ನೂ ಬಡ್ಡಿಯನ್ನೂ ಕಂಪನಿ ಕೊಟ್ಟೀತು. ದಂಡವನ್ನು ಮಾತ್ರ ಧಣಿಯೇ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲೇ ಹೇಳಿದೆ. ಪೂರ್ತಿ ಒಪ್ಪದಿದ್ದರೆ ಒಪ್ಪಿದಷ್ಟನ್ನಾದರೂ ಮೊದಲು ಠೇವಣಿಯಿಡಬೇಕು. ಧರ್ಮವನ್ನು ಹೇಳಿದರೆ ಏಳುತ್ತಾರೆ, ಮೇಷ್ಟರೇ. ದಂಡವನ್ನು ಹೇಳಿದರೆ ಕುಳಿತು ಕೇಳುತ್ತಾರೆ.”

ಇದನ್ನು ಕೇಳಿ ನಮಗೆ ಧೈರ್ಯವಾಯಿತು. ಹಾಗಾದರೆ ಹಾಲಿನವಳ ಗಂಡನ ಕೇಸಿನಲ್ಲಿ ಕೆಲಸದವನೇ ಅಲ್ಲವೆಂದು ಏಕೆ ಬರೆದೆಯೆಂದು ಕೇಳಿಯೇಬಿಟ್ಟೆವು.

ಅವನ ಮುಖ ಬದಲಾಯಿತು. ಕೈಯನ್ನು ಸ್ವಲ್ಪ ಮೇಲೆತ್ತಿ, “ಮೇಷ್ಟರೇ, ಅದು ನಡೆಯುತ್ತಿರುವ ಕೇಸು. ನನ್ನ ಕಕ್ಷಿಗಾರ ನನಗೆ ಹೇಳಿದ್ದನ್ನು ನಿಮಗೆ ಹೇಳಲಾರೆ. ನೀವೂ ನನಗೆ ಏನೂ ಹೇಳಬಾರದು” ಎಂದನು.

ನಾವು ನಿಲ್ಲಿಸಬೇಕಾಗಿತ್ತು. ಆದರೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಿಂತು ಮಾತನಾಡಿದ ಬಾಯಿಗೆ, ಶಿಷ್ಯನು ಕೈಯೆತ್ತಿದರೆ ನಿಲ್ಲುವ ಅಭ್ಯಾಸವಿರಲಿಲ್ಲ. ಆ ಮನೆಯ ಕಷ್ಟವನ್ನೆಲ್ಲ ಹೇಳಿದೆವು. ಮಿಲ್ಲಿನಲ್ಲಿ ತಿಂಗಳಿಗೆ 18,000 ರೂಪಾಯಿ ತರುತ್ತಿದ್ದವನು ಈಗ ಹೆಂಡತಿಯ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ತೂಗುಹಾಕಿಕೊಂಡು, ಎಡಗೈಯೊಂದರಲ್ಲೇ ಹಿಡಿ ಹಿಡಿದು ಕೆಳಗಿನ ಬೀದಿಗಳಿಗೆ ಹಾಕಿಬರುತ್ತಾನೆ, ಇಂಥವನ ಹೊಟ್ಟೆಯ ಮೇಲೆ ಹೊಡೆಯಬಹುದೇ ಎಂದೆವು. ಕರುಣೆ ಹುಟ್ಟಲೆಂದು ಹೇಳಿದ ಮಾತದು.

ಅವನು ತಲೆಯನ್ನು ತಗ್ಗಿಸಿ ಕುಳಿತಿದ್ದನು. ಬಹಳ ಹೊತ್ತಾದ ಮೇಲೆ, “ಕೇಳಿದ್ದನ್ನು ಕೇಳಲಿಲ್ಲವೆಂದು ಮಾಡಿಕೊಳ್ಳುವುದು ಕಷ್ಟ, ಮೇಷ್ಟರೇ” ಎಂದು ಹೇಳಿ, ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೊರಟುಹೋದನು. ಆ ಮಾತಿನ ಅರ್ಥ ಆಗ ನಮಗೆ ಆಗಲಿಲ್ಲ.

ಎರಡು ತಿಂಗಳ ಮೇಲೆ ಒಂದು ದಿನ ಹಾಲಿನವಳು ಓಡುತ್ತ ಬಂದಳು. ಧಣಿಯ ಕಡೆಯವರು ಹೊಸದಾಗಿ ಒಂದು ಕಾಗದ ಕೊಟ್ಟಿದ್ದರು. ಕೆಲಸದವನು ಹೌದು, ಕೆಲಸದಲ್ಲಿಯೇ ಆದ ಗಾಯ ಹೌದು, ಕುಡಿತದ ಮಾತನ್ನೂ ತಗಡಿನ ಮಾತನ್ನೂ ಹಿಂತೆಗೆದುಕೊಂಡಿದ್ದೇವೆ. ನಾಲ್ಕು ಬೆರಳಿಗೆ ಶಾಸನದಲ್ಲಿ ಹೇಳಿದ ನೂರಕ್ಕೆ 50ರ ಲೆಕ್ಕವನ್ನು ಒಪ್ಪಿ ಹಣ ಕಟ್ಟಿದ್ದೇವೆ ಎಂದಿತ್ತು. ಸಂಬಳ ಎಷ್ಟೇ ಇದ್ದರೂ 2020ರ ಜನವರಿಯಿಂದ 15,000 ರೂಪಾಯಿಯವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅದರಲ್ಲಿ ನೂರಕ್ಕೆ 60ರಂತೆ 9,000. ನಲವತ್ತು ವರ್ಷದವನಿಗೆ ಶಾಸನವು ಹೇಳುವ 184.17ರಿಂದ ಗುಣಿಸಿದರೆ 16,57,530. ಅದರಲ್ಲಿ ಅರ್ಧ 8,28,765 ರೂಪಾಯಿ, ಬಡ್ಡಿ ಬೇರೆ. ನಾವು ಸ್ಲೇಟು ತೆಗೆದುಕೊಂಡು ಆಕೆಗೆ ಲೆಕ್ಕ ಮಾಡಿ ತೋರಿಸಿದೆವು. ಆ ಕೋಣೆಯಲ್ಲಿ ವಕೀಲನಿಗೂ ಧಣಿಗೂ ಏನು ಮಾತಾಯಿತೋ ನಾವರಿಯೆವು. ದಂಡದ ಮಾತು ಆಗಿರಬೇಕು. ಆ ದಿನ ನಮ್ಮ ಶಿಷ್ಯನ ವಿಷಯದಲ್ಲಿ ನಮಗೆ ಬಹಳ ಹೆಮ್ಮೆಯಾಯಿತು. ಆಗಲೂ ಆಕೆಗೆ ಹೇಳಲಿಲ್ಲ.

ಉಳಿದ ಅರ್ಧಕ್ಕೆ ಮೊಕದ್ದಮೆ ನಡೆಯಿತು. ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸದಲ್ಲಿ 1968ರಲ್ಲಿ ಬಿದ್ದು ಎಡಗೈಯನ್ನು ಕಳೆದುಕೊಂಡ ಬಡಗಿಯೊಬ್ಬನನ್ನು, ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲದ ಕಾರಣ, ಪೂರ್ತಿ ಅಶಕ್ತನೆಂದೇ ಎಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ತೀರ್ಮಾನಿಸಿತ್ತು. ಅದೇ ನ್ಯಾಯದಂತೆ ಮರ ಕೊಯ್ಯುವವನಿಗೂ ನೂರಕ್ಕೆ ನೂರು ಸಲ್ಲಬೇಕೆಂದು ಹಾಲಿನವಳ ವಕೀಲರು ವಾದಿಸಿದರು. ಗಟ್ಟಿಯಾದ ವಾದವೆಂದು ನಮಗೂ ತೋರಿತು.

ಗಂಡನ ವಿಚಾರಣೆಯ ದಿನ, ಜೊತೆಗಿದ್ದರೆ ಧೈರ್ಯವೆಂದು ಆಕೆ ಕರೆದುದರಿಂದ ನಾವೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆವು. ಶಿಷ್ಯನು ನಮ್ಮನ್ನು ಕಂಡು ದೂರದಿಂದಲೇ ತಲೆಬಾಗಿದನು. ಪಾಟೀಸವಾಲು ಹತ್ತು ನಿಮಿಷವೂ ಇರಲಿಲ್ಲ. ಧ್ವನಿಯೇರಿಸಲಿಲ್ಲ, ಹೀಯಾಳಿಸಲಿಲ್ಲ, ಬಹುವಚನದಲ್ಲಿಯೇ ಮಾತನಾಡಿಸಿದನು. ಹೆಬ್ಬೆರಳು ಆಡುತ್ತದೆಯೇ ಎಂದು ಕೇಳಿದನು. ಎಡಗೈಯಲ್ಲಿ ಊಟ ಮಾಡುವುದು ರೂಢಿಯಾಯಿತೇ ಎಂದು ಕೇಳಿದನು. ಆಮೇಲೆ, ಸೈಕಲ್ಲಿನಲ್ಲಿ ಹಾಲು ಹಾಕುತ್ತೀರಂತೆ, ಹೌದೇ ಎಂದು ಕೇಳಿದನು.

“ಹೌದು ಸ್ವಾಮಿ, ಎಡಗೈಲೇ ಹಿಡ್ಕೊಂಡು ತುಳೀತೀನಿ. ಎರಡು ಕ್ಯಾನು” ಎಂದನು ಆ ಮನುಷ್ಯ. ಎರಡೆಂದು ಯಾರೂ ಕೇಳಿರಲಿಲ್ಲ. ತಾನು ಕೂತು ತಿನ್ನುವವನಲ್ಲವೆಂದು ಆ ಸಭೆಗೆ ತಿಳಿಯಲೆಂದು ಹೇಳಿದನು.

ಹಿಂದಿನ ಬೆಂಚಿನಲ್ಲಿ ನಮಗೆ ಉಸಿರು ನಿಂತಂತಾಯಿತು.

2025ರಲ್ಲಿ ತೀರ್ಪು ಬಂದಿತು. ಸೈಕಲ್ಲಿನ ಮೇಲೆ ಹಾಲು ಸಾಗಿಸಿ ಸಂಪಾದಿಸಬಲ್ಲವನನ್ನು ಪೂರ್ತಿ ಅಶಕ್ತನೆನ್ನಲಾಗದು, ನೂರಕ್ಕೆ 50ರ ಲೆಕ್ಕವೇ ಸರಿ ಎಂದು ಅದರ ಸಾರ. ಅದನ್ನು ಆಕೆಗೆ ಓದಿ ಹೇಳಿದವರೂ ನಾವೇ. ಹೈಕೋರ್ಟಿಗೆ ಹೋಗಬೇಕಾದರೆ ಕಾನೂನಿನ ದೊಡ್ಡ ಪ್ರಶ್ನೆಯಿರಬೇಕು, ಖರ್ಚೂ ಇದೆ, ಸಾಕೆಂದು ಬಿಟ್ಟುಬಿಟ್ಟರು. ಮೊದಲು ಬಂದ ಹಣದಲ್ಲಿ ಸಾಲ ತೀರಿತ್ತು, ಎರಡು ಎಮ್ಮೆ ಬಂದಿದ್ದುವು. “ಆ ವಕೀಲ ಅರ್ಧ ಕೊಡಿಸ್ದ, ಅರ್ಧ ಕೊಯ್ದ” ಎಂದು ಆಕೆ ಎರಡು ಮೂರು ಸಲ ಅಂದಳು. ಅದಕ್ಕಿಂತ ಸರಿಯಾಗಿ ಆ ಉದ್ಯೋಗವನ್ನು ವರ್ಣಿಸಲು ನಮ್ಮಿಂದಾಗದು.

ಸೈಕಲ್ಲಿನ ಸಂಗತಿಯನ್ನು ಊರೆಲ್ಲ ಕಂಡಿತ್ತು. ಮಿಲ್ಲಿನ ಧಣಿಯೂ ಕಂಡಿರಬಹುದು, ಅವನೇ ವಕೀಲನಿಗೆ ಹೇಳಿರಬಹುದು. ಹೀಗೆಂದು ನಮ್ಮ ಮನೆಯಾಕೆ ನಮಗೆ ಅನೇಕ ಸಲ ಸಮಾಧಾನ ಹೇಳಿದ್ದಾಳೆ. ಇರಬಹುದು. ಕೇಳಿ ತಿಳಿದುಕೊಳ್ಳುವುದು ಕಷ್ಟವೇನಲ್ಲ. ಶಿಷ್ಯನು ನಮ್ಮ ಮುಂದೆ ಸುಳ್ಳು ಹೇಳನು. ಅದೇ ಭಯ. ಅವನು ಕೈಯೆತ್ತಿ ತಡೆದಾಗ ಅವನ ಉದ್ಯೋಗದ ಮರ್ಯಾದೆಯನ್ನು ಕಾಪಾಡುತ್ತಿದ್ದಾನೆಂದು ನಾವು ತಿಳಿದಿದ್ದೆವು. ಹಾಲಿನವಳನ್ನು ನಮ್ಮ ಬಾಯಿಂದ ಕಾಪಾಡುತ್ತಿದ್ದನೆಂದು ತೋರಲಿಲ್ಲ. ಕೇಳಿದ ಮೇಲೆ ಅದನ್ನು ಉಪಯೋಗಿಸದೆ ಬಿಟ್ಟಿದ್ದರೆ ತನ್ನನ್ನು ನಂಬಿದ ಕಕ್ಷಿಗಾರನಿಗೆ ಅವನು ದ್ರೋಹ ಮಾಡಿದಂತಾಗುತ್ತಿತ್ತು. ಸುಳ್ಳನ್ನು ಹಿಂತೆಗೆಸಿದವನೂ ನಿಜವನ್ನು ಹೊರತೆಗೆಸಿದವನೂ ಒಬ್ಬನೇ. ಅವನನ್ನು ತಪ್ಪೆನ್ನಲು ನಮಗೆ ಬಾಯಿಲ್ಲ.

ಹಾಲಿನವಳಿಗೆ ಓದು ಬಾರದು. ಈ ಪುಟವನ್ನು ಆಕೆಗೆ ಓದಿ ಹೇಳಬೇಕಾದರೂ ನಾವೇ ಹೇಳಬೇಕು.

ಕಳೆದ ತಿಂಗಳು ಶಿಷ್ಯನ ಹೊಸ ಮನೆಯ ಗೃಹಪ್ರವೇಶವಾಯಿತು. ದಂಪತಿಗಳು ಬಂದು ಕರೆದುಹೋಗಿದ್ದರು. ಹೋಗಬೇಕೋ ಬೇಡವೋ ಎಂದು ಬೆಳಗಿನವರೆಗೂ ಯೋಚಿಸಿ, ಹೋದೆವು. ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಮನೆ. ಓದುವ ಕೋಣೆಯಲ್ಲಿ ಕಾನೂನಿನ ಪುಸ್ತಕಗಳ ಪಕ್ಕದಲ್ಲಿ ನಾವು ಬಹುಮಾನವಾಗಿ ಕೊಟ್ಟಿದ್ದ ಅಮರಕೋಶವಿತ್ತು. ಊಟವಾದ ಮೇಲೆ ಗೇಟಿನವರೆಗೂ ನಮ್ಮೊಡನೆ ನಡೆದು ಬಂದನು. “ಮೇಷ್ಟರೇ, ಆ ಸೈಕಲ್ಲಿನ ಮಾತು…” ಎಂದು ಆರಂಭಿಸಿದನು. ಅಷ್ಟರಲ್ಲಿ ಒಳಗಿನಿಂದ ಯಾರೋ ಅವನನ್ನು ಕರೆದರು. ಕರೆಯದಿದ್ದರೂ ನಾವು ಅದನ್ನೇ ಹೇಳುತ್ತಿದ್ದೆವೋ ಏನೋ: “ಹೋಗಪ್ಪ, ಬಂದವರು ಕಾಯುತ್ತಿದ್ದಾರೆ” ಎಂದೆವು.

ಮರುದಿನ ಬೆಳಗ್ಗೆ ಹಾಲಿನವಳು ಬಂದಾಗ ತಾಂಬೂಲದ ಚೀಲಗಳು ಜಗಲಿಯ ಮೇಲೆಯೇ ಇದ್ದುವು. “ಯಾರ ಮನೇದು ಮೇಷ್ಟ್ರೇ?” ಎಂದು ಕೇಳಿದಳು.

“ನಮ್ಮ ಹಳೆಯ ಶಿಷ್ಯನೊಬ್ಬನದಮ್ಮ, ಗೃಹಪ್ರವೇಶ” ಎಂದೆವು.

ಹಾಲನ್ನು ಅಳೆದು ಹೊಯ್ದು, ಮೇಲೆ ಒಂದಿಷ್ಟು ಕೊಸರು ಹಾಕಿ, “ಊಟ ಚೆನ್ನಾಗಿತ್ತಾ?” ಎಂದಳು.

ಚೆನ್ನಾಗಿತ್ತೆಂದು ಹೇಳಿದೆವು.